ಧಾರಣೆ ಏರಿಳಿಯುವ ಆಟಗಳು: ವ್ಯಾಪಾರದ ಕಂಪ್ಯೂಟರ್ ಗೇಮ್‌ಗಳ ಅರವತ್ತು ವರ್ಷ

ಮಂಗಳೂರಿನಲ್ಲಿ ಚಾಲಿ ಅಡಿಕೆಯ ಧಾರಣೆಯನ್ನು ತೋಟ ಇರುವವರೂ ಓದುತ್ತಾರೆ, ಇಲ್ಲದವರೂ ಓದುತ್ತಾರೆ. ಹೊಸ ಅಡಿಕೆಗೆ ಎಷ್ಟು, ಹಳೆಯದಕ್ಕೆ ಎಷ್ಟು ಎಂಬುದು ಬಸ್ಸಿನಲ್ಲೂ ಮಾತಿಗೆ ಬರುತ್ತದೆ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳು ದಕ್ಕೆಯಲ್ಲೇ ನಿಂತಾಗ ಬಂಗುಡೆಯ ಬೆಲೆ ಯಾವ ಕಡೆಗೆ ಹೋಗುತ್ತದೆಂದು ಇಲ್ಲಿ ಮಕ್ಕಳಿಗೂ ಗೊತ್ತು. ಹೀಗಿರುವ ಊರಿನವರು ವ್ಯಾಪಾರವನ್ನೇ ವಿಷಯವಾಗಿಸಿಕೊಂಡ ಕಂಪ್ಯೂಟರ್ ಗೇಮ್ ಆರಿಸಲು ಹೊರಟರೆ, ವಿಮರ್ಶಕರು ಕೊಟ್ಟ ಅಂಕಗಳಿಗಿಂತ ತಮ್ಮ ಅನುಭವವನ್ನೇ ಹೆಚ್ಚು ನಂಬಬಹುದು. ಯಾವ ಆಟ ಸಿಕ್ಕಿದರೂ ನಾನು ಎರಡು ಸಂಗತಿಗಳನ್ನು ನೋಡುತ್ತೇನೆ. ನಾನು ಸರಕು ತಂದು ಸುರಿದರೆ ಅಲ್ಲಿನ ಧಾರಣೆ ಬೀಳುತ್ತದೆಯೇ? ಆಟ ಯಾರ ಲೆಕ್ಕಪುಸ್ತಕವನ್ನು ನನ್ನ ಕೈಗೆ ಕೊಡುತ್ತದೆ? ಈ ಪ್ರಕಾರ ಬೆಳೆದು ಬಂದ ದಾರಿಯನ್ನೂ ಇವೆರಡನ್ನು ಮುಂದಿಟ್ಟುಕೊಂಡೇ ನೋಡಬೇಕೆಂದು ನನಗನಿಸುತ್ತದೆ.

ಲೆಕ್ಕ ಹಾಕಿ ಗೆಲ್ಲುವ ಆಟ ತುಳುನಾಡಿಗೆ ಹೊಸದಲ್ಲ. ಆಟಿ ತಿಂಗಳ ಮಳೆಯಲ್ಲಿ ಚೆನ್ನೆಮಣೆಯ ಹದಿನಾಲ್ಕು ಗುಳಿಗಳಿಗೆ ಕಾಯಿ ಹಂಚಿದವರು ಸಂಪನ್ಮೂಲ ನಿರ್ವಹಣೆಯನ್ನೇ ಆಡುತ್ತಿದ್ದರು. ಆಮೇಲೆ ಬೇಸಿಗೆ ರಜೆಗಳಿಗೆ ‘ವ್ಯಾಪಾರ’ ಆಟದ ರಟ್ಟಿನ ಹಾಳೆ ಬಂತು. ಅದರ ಮೂಲವಾದ ಮೊನೊಪೊಲಿ 1935ರದು. ಅದಕ್ಕೂ ಹಿಂದೆ 1904ರಲ್ಲಿ ಲಿಜ್ಜಿ ಮಗೀ ಎಂಬ ಅಮೆರಿಕದ ಮಹಿಳೆ ಭೂಮಾಲೀಕರ ಏಕಸ್ವಾಮ್ಯವನ್ನು ಟೀಕಿಸಲೆಂದೇ ರೂಪಿಸಿದ ಆಟಕ್ಕೆ ಪೇಟೆಂಟ್ ಪಡೆದಿದ್ದರು.

ಕಂಪ್ಯೂಟರಿನಲ್ಲಿ ಈ ಪ್ರಕಾರವನ್ನು ಆರಂಭಿಸಿದವರೂ ಒಬ್ಬ ಮಹಿಳೆ, ಅದೂ ಪ್ರಾಥಮಿಕ ಶಾಲೆಯ ಶಿಕ್ಷಕಿ. ನ್ಯೂಯಾರ್ಕ್ ರಾಜ್ಯದ ಮೇಬಲ್ ಆಡಿಸ್ 1964ರಲ್ಲಿ ಐಬಿಎಂ ಸಂಸ್ಥೆಯ ಜತೆ ಸೇರಿ ‘ಸುಮೇರಿಯನ್ ಗೇಮ್’ ಬರೆದರು. ಮಗು ಲಗಾಶ್ ನಗರದ ಅರಸನಾಗಿ ಕುಳಿತು, ಕೊಯ್ಲಿನ ಧಾನ್ಯದಲ್ಲಿ ಜನರಿಗೆಷ್ಟು, ಬೀಜಕ್ಕೆಷ್ಟು, ಕಣಜಕ್ಕೆಷ್ಟು ಎಂದು ನಿರ್ಧರಿಸಬೇಕು. ಇದರ ಸಾರವನ್ನು 1968ರಲ್ಲಿ ಡಗ್ ಡೈಮೆಂಟ್ ಚಿಕ್ಕ ಪ್ರೋಗ್ರಾಂ ಆಗಿಸಿದರು. ಡೇವಿಡ್ ಆಲ್ ಅದನ್ನು ಬೇಸಿಕ್ ಭಾಷೆಗೆ ತಂದು 1973ರಲ್ಲಿ ಪುಸ್ತಕದಲ್ಲಿ ಅಚ್ಚು ಹಾಕಿದ ಮೇಲೆ ‘ಹಮುರಾಬಿ’ ಎಂಬ ಹೆಸರಲ್ಲಿ ಲೋಕವೆಲ್ಲ ಸುತ್ತಿತು. ಅದರಲ್ಲಿ ಜಮೀನಿನ ಬೆಲೆ ವರ್ಷವರ್ಷವೂ ಬದಲಾಗುತ್ತದೆ, ಆದರೆ ಆಟಗಾರ ಏನು ಮಾಡಿದ ಎಂಬುದಕ್ಕೂ ಆ ಬೆಲೆಗೂ ಸಂಬಂಧವಿಲ್ಲ. ಅದೃಷ್ಟವಿದೆ, ಮಾರುಕಟ್ಟೆಯಿಲ್ಲ. 1979ರ ‘ತೈಪಾನ್’ನಲ್ಲೂ ಹೀಗೆಯೇ: 1860ರ ಹಾಂಗ್‌ಕಾಂಗಿನಿಂದ ಹಡಗು ಹೊರಡಿಸಿ ರೇಷ್ಮೆ, ಬಂದೂಕು, ಅಫೀಮು ಸಾಗಿಸಬೇಕು. ಅದು ಸೇರಿಸಿದ ಹೊಸ ಸಂಗತಿ ಸಾಲ. ಬಡ್ಡಿ ಬೆಳೆಯುತ್ತಿರುವಾಗ ಖಾಲಿ ಹಡಗು ಬಂದರಿನಲ್ಲಿ ನಿಂತರೆ ಎದೆ ಡವಡವ ಎನ್ನುತ್ತದೆ.

ನಿಜವಾದ ತಿರುವು 1983ರ ‘ಮ್ಯೂಲ್’. ಅಮೆರಿಕದ ಅರ್ಕನ್ಸಾಸ್‌ನಲ್ಲಿ ಡ್ಯಾನ್ ಬಂಟನ್, ಮುಂದೆ ಡೇನಿಯಲ್ ಬಂಟನ್ ಬೆರಿ ಎಂಬ ಹೆಸರಿನಿಂದ ಪ್ರಸಿದ್ಧರಾದವರು, ಮೂವರು ಸಂಗಾತಿಗಳ ಜತೆ ಕಟ್ಟಿದ ಆಟ ಇದು. ಒಂದು ದೂರದ ಗ್ರಹ, ನಾಲ್ಕು ಮಂದಿ ವಲಸಿಗರು, ಆಹಾರ, ಇಂಧನ ಮತ್ತು ಎರಡು ಬಗೆಯ ಅದಿರು. ಪ್ರತಿ ಸುತ್ತಿನ ಕೊನೆಗೆ ಹರಾಜು. ಕೊಳ್ಳುವವರು ಪರದೆಯ ಕೆಳಗಿನಿಂದ ಮೇಲಕ್ಕೆ ನಡೆಯುತ್ತಾರೆ, ಮಾರುವವರು ಮೇಲಿನಿಂದ ಕೆಳಕ್ಕೆ ಇಳಿಯುತ್ತಾರೆ, ಇಬ್ಬರೂ ಎದುರಾದ ಜಾಗವೇ ಬೆಲೆ. ಮುಂಜಾನೆ ದಕ್ಕೆಯಲ್ಲಿ ಮೀನಿನ ಏಲಂ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಆಹಾರ ಸಾಲದವನಿಗೆ ಮುಂದಿನ ಸುತ್ತಿನಲ್ಲಿ ಕೆಲಸ ಮಾಡಲು ಸಮಯ ಕಡಿಮೆ ಸಿಗುತ್ತದೆ. ಹಾಗೆಂದು ದಾಸ್ತಾನು ಹಿಡಿದಿಟ್ಟುಕೊಂಡು ನೆರೆಯವನನ್ನು ಹಿಂಡಿದರೆ ಇಡೀ ವಸಾಹತಿನ ಒಟ್ಟು ಸಂಪತ್ತೇ ಕುಸಿದು, ಗೆದ್ದವನ ಗೆಲುವೂ ಸಪ್ಪೆಯಾಗುತ್ತದೆ. ನಲವತ್ತು ವರ್ಷಗಳ ನಂತರವೂ ಮಾರುಕಟ್ಟೆಯನ್ನು ಇಷ್ಟು ಕಡಿಮೆ ನಿಯಮಗಳಲ್ಲಿ ಇಷ್ಟು ಸ್ಪಷ್ಟವಾಗಿ ತೋರಿಸಿದ ಆಟ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ತೊಂಬತ್ತರ ದಶಕದಲ್ಲಿ ಈ ಪ್ರಕಾರ ಹಲವು ಕವಲಾಯಿತು. ಸಿಡ್ ಮೇಯರ್ ಅವರ ‘ರೈಲ್‌ರೋಡ್ ಟೈಕೂನ್’ (1990) ರೈಲು ಹಳಿಯ ಜತೆಗೆ ಷೇರುಪೇಟೆಯನ್ನೂ ತಂದಿತು. ಕ್ರಿಸ್ ಸಾಯರ್ ಅವರ ‘ಟ್ರಾನ್ಸ್‌ಪೋರ್ಟ್ ಟೈಕೂನ್’ (1994) ಸಾಗಣೆಯ ಆಟ. ಎಷ್ಟು ದೂರ, ಎಷ್ಟು ಬೇಗ ಮುಟ್ಟಿಸಿದಿರಿ ಎಂಬುದರ ಮೇಲೆ ಬಾಡಿಗೆ ಸಿಗುತ್ತದೆ. ಎಷ್ಟೇ ಕಲ್ಲಿದ್ದಲು ಸುರಿದರೂ ಅದರ ಧಾರಣೆ ಬೀಳುವುದಿಲ್ಲವಾದ್ದರಿಂದ ಇದನ್ನು ನಾನು ವ್ಯಾಪಾರದ ಆಟಗಳ ಸಾಲಿಗೆ ಸೇರಿಸುವುದಿಲ್ಲ. ಆದರೂ ಅದರ ಉಚಿತ ರೂಪವಾದ ‘ಓಪನ್‌ಟಿಟಿಡಿ’ ಹಳೆಯ ಕಂಪ್ಯೂಟರಿನಲ್ಲೂ ಸರಾಗವಾಗಿ ಓಡುತ್ತದೆ. ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಮೊದಲ ಆಟವಾಗಿ ಅದನ್ನೇ ಹಾಕಿಕೊಡಿ ಎನ್ನುತ್ತೇನೆ.

ಹಾಂಗ್‌ಕಾಂಗಿನ ಟ್ರೆವರ್ ಚಾನ್ 1995ರಲ್ಲಿ ತಂದ ‘ಕ್ಯಾಪಿಟಲಿಸಂ’ ಬೇರೆಯೇ ಜಾತಿ. ಕಾರ್ಖಾನೆಯ ಒಳಗೆ ಖರೀದಿ, ತಯಾರಿ, ಮಾರಾಟ, ಜಾಹೀರಾತು ಎಂದು ಒಂದೊಂದು ಘಟಕವನ್ನೂ ನಾವೇ ಜೋಡಿಸಬೇಕು. ಬೆಲೆ, ಗುಣಮಟ್ಟ, ಬ್ರಾಂಡ್ ಮೂರೂ ಸೇರಿ ಗಿರಾಕಿ ಯಾರ ಅಂಗಡಿಗೆ ಹೋಗುತ್ತಾನೆಂದು ತೀರ್ಮಾನವಾಗುತ್ತದೆ. ನೋಡಲು ಲೆಕ್ಕದ ಹಾಳೆಯಂತೆ ಒಣಗಿದ ಆಟ, ಆದರೂ ಬಿ.ಕಾಂ. ಓದುವವರು ಇದರ ಮುಂದುವರಿದ ರೂಪವಾದ ‘ಕ್ಯಾಪಿಟಲಿಸಂ ಲ್ಯಾಬ್’ ಆಡಿ ನೋಡಲಿ. ಸಂಚಿತ ವೆಚ್ಚ, ದಾಸ್ತಾನು, ನಗದು ಹರಿವು ಎಂಬ ಪದಗಳಿಗೆ ಅಲ್ಲಿ ಮೈ ಬರುತ್ತದೆ.

ಸಮುದ್ರ ವ್ಯಾಪಾರದ ಆಟಗಳ ಬಗ್ಗೆ ಮಂಗಳೂರಿನವರು ತುಸು ಹೆಚ್ಚೇ ಮಾತಾಡಬೇಕು. ಇದರಲ್ಲಿ ಜರ್ಮನರು ಮುಂದು. 1992ರಲ್ಲಿ ಆರಂಭವಾದ ‘ಪೇಟ್ರಿಶಿಯನ್’ ಸರಣಿ ಬಾಲ್ಟಿಕ್ ಮತ್ತು ಉತ್ತರ ಸಮುದ್ರದ ಹಾನ್ಸಾ ವರ್ತಕ ನಗರಗಳದು: ಲ್ಯೂಬೆಕ್, ಹ್ಯಾಂಬರ್ಗ್, ರೀಗಾ, ನವ್‌ಗೊರೊಡ್. ಒಂದು ಸಣ್ಣ ಹಡಗಿನಿಂದ ಶುರು ಮಾಡಿ ಉಪ್ಪು, ಮೀನು, ಬಿಯರ್, ತುಪ್ಪಳ ಸಾಗಿಸುತ್ತ ನಗರದ ಮುಖ್ಯಸ್ಥನ ಪದವಿಗೆ ಏರಬೇಕು. ಇಲ್ಲಿ ಧಾರಣೆ ಊರಿನ ದಾಸ್ತಾನನ್ನೇ ಅನುಸರಿಸುತ್ತದೆ. ಮೂಟೆ ಮೂಟೆಯಾಗಿ ಇಳಿಸಿದಂತೆ ಬೆಲೆ ಕಣ್ಣೆದುರೇ ಜಾರುತ್ತದೆ, ಎಲ್ಲಿ ನಿಲ್ಲಿಸಬೇಕೆಂಬುದೇ ಜಾಣ್ಮೆ. ಸರಣಿಯ ಮೂರನೆಯ ಆಟ ಇಂದಿಗೂ ಅಗ್ಗವಾಗಿ ಸಿಗುತ್ತದೆ, ಹಳೆಯ ಲ್ಯಾಪ್‌ಟಾಪಿಗೂ ಆಗುತ್ತದೆ. ಒಂದೇ ಆಟ ಕೊಳ್ಳುವವರಿಗೆ ನನ್ನ ಆಯ್ಕೆ ಅದೇ.

ಆ ಆಟವನ್ನು ಆಡುವಾಗಲೆಲ್ಲ ನನಗೆ ನೆನಪಾಗುವುದು ಮಂಗಳೂರಿನಲ್ಲೇ ಬಾಳಿದ ಒಬ್ಬ ವರ್ತಕ. ಟ್ಯುನೀಶಿಯಾ ಮೂಲದ ಯಹೂದಿ ಅಬ್ರಹಾಂ ಬೆನ್ ಯಿಜು ಸುಮಾರು 1132ರಿಂದ 1149ರವರೆಗಿನ ಹೆಚ್ಚಿನ ಕಾಲ ಇಲ್ಲಿದ್ದ. ಕೈರೋ ನಗರದ ಹಳೆಯ ಸಿನೆಗಾಗ್‌ನ ಗೆನೀಜಾ ಕೋಣೆಯಲ್ಲಿ ಉಳಿದುಕೊಂಡ ಕಾಗದಗಳಿಂದ ಅವನ ವ್ಯವಹಾರ ನಮಗೆ ತಿಳಿದಿದೆ. ಇಲ್ಲಿಂದ ಏಡನ್‌ಗೆ ಕಾಳುಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಹೋಗುತ್ತಿತ್ತು. ಅಲ್ಲಿಂದ ತಾಮ್ರವೂ ಒಡೆದ ಪಾತ್ರೆಗಳೂ ಬರುತ್ತಿದ್ದವು. ಅವನ ಕಾರ್ಖಾನೆಯಲ್ಲಿ ಅವು ಕರಗಿ ಹೊಸ ಪಾತ್ರೆಗಳಾಗಿ ಮರಳುತ್ತಿದ್ದವು. ಅವನ ದಾಸನೂ ವ್ಯವಹಾರದ ಪ್ರತಿನಿಧಿಯೂ ಆಗಿದ್ದ ಬೊಮ್ಮ ಸಮುದ್ರ ದಾಟಿ ಲೆಕ್ಕ ನೋಡುತ್ತಿದ್ದ. ಅಮಿತಾವ್ ಘೋಷ್ 1992ರಲ್ಲಿ ಇವರ ಬಗ್ಗೆ ಪುಸ್ತಕವನ್ನೇ ಬರೆದರು. ಮುಂಗಾರಿನಲ್ಲಿ ಮುಚ್ಚುವ ಸಮುದ್ರ, ಒಂದು ಋತು ತಡವಾಗಿ ತಲುಪುವ ಬೆಲೆಯ ಸುದ್ದಿ, ನಂಬಿಕೆಯ ಮೇಲೆ ಕೊಟ್ಟ ಉದ್ರಿ, ಮುಳುಗಿದ ಹಡಗು: ಒಳ್ಳೆಯ ವ್ಯಾಪಾರದ ಆಟಕ್ಕೆ ಬೇಕಾದ ನಿಯಮಗಳೆಲ್ಲ ಆ ಕಾಗದಗಳಲ್ಲಿವೆ.

ಆದರೆ ಹಿಂದೂ ಮಹಾಸಾಗರ ಬರುವ ಆಟಗಳಲ್ಲಿ ಲೆಕ್ಕಪುಸ್ತಕ ಹೆಚ್ಚಾಗಿ ಯುರೋಪಿನ ಹಡಗಿನಲ್ಲಿರುತ್ತದೆ. 2009ರ ‘ಈಸ್ಟ್ ಇಂಡಿಯಾ ಕಂಪನಿ’ ಎಂಬ ಆಟದ ಹೆಸರೇ ಅದನ್ನು ಹೇಳುತ್ತದೆ. ನಮ್ಮ ಕರಾವಳಿ ಅಲ್ಲಿ ಸರಕು ತುಂಬಿಸಿಕೊಳ್ಳುವ ಜಾಗ ಮಾತ್ರ. ಧಾರಣೆ ಕಟ್ಟುವ ದಲ್ಲಾಳಿ, ಗೋದಾಮಿನ ಯಜಮಾನ, ಘಟ್ಟದಿಂದ ಮೆಣಸು ಇಳಿಸುವವನು ಯಾರೂ ಆಟಗಾರನಲ್ಲ. ಜರ್ಮನಿಯ, ಹಾಂಗ್‌ಕಾಂಗಿನ ವಿನ್ಯಾಸಕರು ಈ ಪ್ರಕಾರಕ್ಕೆ ಇಷ್ಟೆಲ್ಲ ಕೊಟ್ಟಿರುವಾಗ, ಸಾವಿರ ವರ್ಷ ವ್ಯಾಪಾರ ನಡೆಸಿದ ನಮ್ಮ ಕಡೆಯ ನೋಟ ಇಲ್ಲದಿರುವುದು ನನಗೆ ದೊಡ್ಡ ಕೊರತೆಯಾಗಿ ಕಾಣುತ್ತದೆ.

ಈಚಿನ ಆಟಗಳಲ್ಲಿ ‘ಆನೋ 1800’ (2019) ಕಣ್ಣಿಗೆ ಹಬ್ಬ. ಅಲ್ಲಿ ಕಲಿಯುವುದು ಉತ್ಪಾದನೆಯ ಸರಪಳಿಯನ್ನು, ಪೇಟೆಯನ್ನಲ್ಲ. ಸಾಧಾರಣ ಲ್ಯಾಪ್‌ಟಾಪಿಗೆ ಅದು ಭಾರವೂ ಹೌದು. ‘ಫ್ಯಾಕ್ಟೋರಿಯೋ’ (2020) ಎಂಜಿನಿಯರುಗಳ ಪ್ರೀತಿಯ ಆಟ, ಮಾರುಕಟ್ಟೆಯ ಸುಳಿವೇ ಇಲ್ಲ. ಸೊರೆನ್ ಜಾನ್ಸನ್ ಅವರ ‘ಆಫ್‌ವರ್ಲ್ಡ್ ಟ್ರೇಡಿಂಗ್ ಕಂಪನಿ’ (2016) ಮಾತ್ರ ಮ್ಯೂಲ್‌ನ ನೇರ ವಾರಸುದಾರ. ಮಂಗಳ ಗ್ರಹದಲ್ಲಿ ನೀರು, ಉಕ್ಕು, ಗಾಜು, ಇಂಧನದ ಬೆಲೆ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಎದುರಾಳಿಯ ಷೇರುಗಳನ್ನು ಕೊಂಡವನು ಗೆಲ್ಲುತ್ತಾನೆ. ಅರ್ಧ ಮುಕ್ಕಾಲು ಗಂಟೆಯಲ್ಲಿ ಮುಗಿಯುವುದರಿಂದ ದುಡಿಯುವವರಿಗೂ ಅನುಕೂಲ. ‘ವಿಕ್ಟೋರಿಯಾ 3’ (2022) ಇಡೀ 19ನೇ ಶತಮಾನದ ಅರ್ಥವ್ಯವಸ್ಥೆಯನ್ನು ಮುಂದಿಡುತ್ತದೆ. ಕಲಿಯಲು ವಾರಗಳೇ ಬೇಕು, ತಾಳ್ಮೆಯುಳ್ಳವರಿಗೆ ಸಾರ್ಥಕ.

ಮೊಬೈಲಿನ ಕತೆ ಬೇರೆ, ಮತ್ತು ಅದರಲ್ಲಿ ನಮ್ಮವರ ಪಾಲೂ ಇದೆ. ರೋಹಿತ್ ಭಟ್ 1996ರಲ್ಲಿ ಉಡುಪಿಯಲ್ಲಿ ರೋಬೋಸಾಫ್ಟ್ ಕಟ್ಟಿದರು. ಅದರಿಂದ ಹುಟ್ಟಿದ 99ಗೇಮ್ಸ್ 2014ರಲ್ಲಿ ‘ಸ್ಟಾರ್ ಶೆಫ್’ ತಂದಿತು. ತರಕಾರಿ ಬೆಳೆದು, ಅಡುಗೆಯವರನ್ನು ನೇಮಿಸಿ, ಹೋಟೆಲು ಬೆಳೆಸುವ ಈ ಆಟ ಉಡುಪಿಯಿಂದ ಹೊರಟು ಲೋಕದ ಎಷ್ಟೋ ಫೋನುಗಳಿಗೆ ತಲುಪಿತು. ಜಿಲ್ಲಾ ಕೇಂದ್ರದಲ್ಲಿ ಕುಳಿತು ಇದನ್ನು ಸಾಧಿಸಿದ್ದು ಸಣ್ಣ ಮಾತಲ್ಲ. ಆದರೆ ಫಾರ್ಮ್‌ವಿಲ್ (2009) ನಂತರದ ಉಚಿತ ಮೊಬೈಲ್ ಆಟಗಳ ಇಡೀ ಪದ್ಧತಿಯಲ್ಲಿ ಮಾರಾಟವಾಗುವುದು ಕಾಯುವ ಸಮಯ: ಕಾಯಲಾರದವನು ನಿಜವಾದ ದುಡ್ಡು ಕೊಡುತ್ತಾನೆ. ಮಕ್ಕಳ ಕೈಗೆ ಫೋನ್ ಕೊಡುವ ಮೊದಲು ಖರೀದಿಗೆ ಪಾಸ್‌ವರ್ಡ್ ಹಾಕಿಡುವುದು ಒಳ್ಳೆಯದು.

ಇಂದಿನವರೆಗೆ ಯಾರೂ ನನ್ನ ಕೈಗೆ ಕೊಡದ ಲೆಕ್ಕಪುಸ್ತಕವೊಂದಿದೆ: ಸಹಕಾರಿ ಸಂಘದ್ದು. ‘ವಿಕ್ಟೋರಿಯಾ 3’ರಲ್ಲಿ ಸಹಕಾರಿ ಒಡೆತನ ದೇಶಕ್ಕೆಲ್ಲ ಅನ್ವಯಿಸುವ ಕಾನೂನಾಗಿ ಬರುತ್ತದೆ. ಒಂದು ಬೆಳೆಯನ್ನು ಉಳಿಸಲು ಬೆಳೆಗಾರರೇ ಕಟ್ಟಿಕೊಳ್ಳುವ ಸಂಸ್ಥೆ ಈ ಯಾವ ಆಟದಲ್ಲೂ ಇಲ್ಲ. ಅಡಿಕೆ ಧಾರಣೆ ಕುಸಿದ ಕಾಲದಲ್ಲಿ, 1973ರಲ್ಲಿ, ವಾರಣಾಸಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದರು. ಮುಂದೆ ಕೊಕ್ಕೊಗೂ ಕೊಳ್ಳುವವರಿಲ್ಲದ ಸ್ಥಿತಿ ಬಂದಾಗ ಸಂಸ್ಥೆ ಖರೀದಿಗೆ ಇಳಿಯಿತು; 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯೇ ಎದ್ದಿತು. ಇದನ್ನು ಆಟವಾಗಿಸಿದರೆ ಪ್ರತಿ ಸುತ್ತಿನಲ್ಲೂ ನಿರ್ಧರಿಸಬೇಕಾದ್ದು ಎಷ್ಟೊಂದಿದೆ! ಸದಸ್ಯನಿಗೆ ಇಂದೇ ಒಳ್ಳೆಯ ಬೆಲೆ ಕೊಟ್ಟರೆ ಗೋದಾಮು ತುಂಬುತ್ತದೆ, ಬ್ಯಾಂಕಿನ ಬಡ್ಡಿ ಏರುತ್ತದೆ. ಕೊಡದಿದ್ದರೆ ಅವನು ಎರಡು ರೂಪಾಯಿ ಹೆಚ್ಚು ಹೇಳಿದ ಖಾಸಗಿ ಮಂಡಿಗೆ ಹೋಗುತ್ತಾನೆ. ಮಳೆ ಬಿಡದೆ ಹಿಡಿದರೆ ಬೋರ್ಡೋ ಸಿಂಪಡಿಸಲಾಗದೆ ಕೊಳೆರೋಗ. ಇವತ್ತು ನೆಟ್ಟ ಸಸಿ ಫಸಲು ಕೊಡುವುದು ಹಲವು ವರ್ಷಗಳ ಮೇಲೆ, ಅಷ್ಟರಲ್ಲಿ ಧಾರಣೆ ಎಲ್ಲಿರುತ್ತದೋ.

ಈ ಆಟವನ್ನು ಬರೆಯಬಲ್ಲ ತರುಣ ತರುಣಿಯರು ಮಂಗಳೂರು, ಮಣಿಪಾಲ, ಸುರತ್ಕಲ್‌ನ ಕಾಲೇಜುಗಳಲ್ಲಿದ್ದಾರೆ. ಅನಿಮೇಷನ್ ಮತ್ತು ಗೇಮಿಂಗ್‌ಗೆಂದೇ ರಾಜ್ಯ ಸರ್ಕಾರ 2012ರಿಂದ ನೀತಿ ಮಾಡಿಕೊಂಡು ಬಂದಿದೆ. ಬೆರಗುಗೊಳಿಸುವ ಚಿತ್ರಗಳೂ ಕೋಟಿಗಟ್ಟಲೆ ಬಂಡವಾಳವೂ ಬೇಕಿಲ್ಲ. ಅಡಿಕೆ, ಕೊಕ್ಕೊ, ಕಾಳುಮೆಣಸು, ಗೇರುಬೀಜ ಎಂಬ ನಾಲ್ಕು ಸರಕು, ಹನ್ನೆರಡು ಸುತ್ತು, ನಾಲ್ವರ ತಂಡ ಸಾಕು. ಮ್ಯೂಲ್‌ನಲ್ಲಿ ಇದ್ದದ್ದೂ ಅಷ್ಟೇ.