ಅಳತೆಗೋಲು ಘಟ್ಟ ಇಳಿಯಲಿ

ಮಗುವಿನ ಬುದ್ಧಿಮಟ್ಟದ ಪ್ರಮಾಣಪತ್ರ ಬೇಕೆಂದು ಇಂದಿಗೂ ಸರ್ಕಾರಿ ಆಸ್ಪತ್ರೆಗೆ ಹೋದರೆ ಮನಶ್ಶಾಸ್ತ್ರಜ್ಞರ ಮೇಜಿನ ಮೇಲೆ ಎರಡು ಹಳೆಯ ಪರೀಕ್ಷೆಗಳು ಕಾಣುವ ಸಂಭವ ಹೆಚ್ಚು. ಒಂದು ಬಿನೆ-ಕಾಮತ್ ಪರೀಕ್ಷೆ, ಇನ್ನೊಂದು ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢಿಮೆಯ ಮಾಪನ. ಎರಡೂ ಮೊದಲು ರೂಪುಗೊಂಡದ್ದು 1930ರ ದಶಕದಲ್ಲಿ. ಕರ್ನಾಟಕದಲ್ಲಿ ಮಕ್ಕಳ ನಡವಳಿಕೆಯ ಸಂಶೋಧನೆ ಎಲ್ಲಿಂದ ಹೊರಟಿತು, ಎಲ್ಲಿಗೆ ಬಂದಿತು, ಎಲ್ಲಿಗೆ ಬರಲೇ ಇಲ್ಲ ಎಂಬುದನ್ನು ಹೇಳಲು ಇವೆರಡರಿಂದಲೇ ಶುರು ಮಾಡುವುದು ಒಳ್ಳೆಯದು.

ಫ್ರಾನ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ರೂಪಿಸಿದ ಪರೀಕ್ಷೆ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ತಿದ್ದುಪಡಿಗೊಂಡು ಜಗತ್ತೆಲ್ಲ ಹರಡಿತು. ಅದನ್ನು ಧಾರವಾಡ ಸೀಮೆಯ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದವರು ವಿ. ವಿ. ಕಾಮತರು. ಬರೀ ಅನುವಾದಕ್ಕೆ ನಿಲ್ಲದೆ, ನಮ್ಮ ಮಕ್ಕಳ ಮೇಲೆಯೇ ಪ್ರಯೋಗಿಸಿ ವಯಸ್ಸಿಗೆ ತಕ್ಕ ಮಟ್ಟಗಳನ್ನು ಗೊತ್ತುಮಾಡಿದ ಈ ಕೆಲಸ ಬಾಂಬೆ-ಕರ್ನಾಟಕ ಪರಿಷ್ಕರಣೆ ಎಂದೇ ಹೆಸರಾಯಿತು. ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತ್ಯದಲ್ಲಿತ್ತು. ಹಾಗಾಗಿ ಕಾಳಿ ನದಿಯ ಬಡಗ ದಂಡೆಯ ಚಿತ್ತಾಕುಲದ ಮಗುವೂ ಕಾಗದದ ಮೇಲೆ ಈ ಅಳತೆಯ ವ್ಯಾಪ್ತಿಗೆ ಸೇರಿದ್ದೇ. ಆದರೆ ಆ ಮಗು ಮನೆಯಲ್ಲಿ ಆಡುವುದು ಕೊಂಕಣಿ. ಪರೀಕ್ಷೆ ಬಂದದ್ದು ಕನ್ನಡದಲ್ಲಿ, ಮರಾಠಿಯಲ್ಲಿ; ಎರಡೂ ಅದಕ್ಕೆ ಶಾಲೆಯ ಭಾಷೆಗಳು. ಈ ತೊಡಕನ್ನು ಆಗ ಯಾರೂ ದೊಡ್ಡದೆಂದು ಎಣಿಸಲಿಲ್ಲ.

ಅತ್ತ ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿಯೇ ಮನಶ್ಶಾಸ್ತ್ರ ವಿಭಾಗ ಶುರುವಾಗಿತ್ತು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರನ್ನು ಕನ್ನಡಿಗರು ನೆನೆಯುವುದು 1935ರ ಆಕಾಶವಾಣಿಗಾಗಿ, ಮನಶ್ಶಾಸ್ತ್ರಕ್ಕಾಗಿ ಅಲ್ಲ.

ಬುದ್ಧಿಯನ್ನು ಅಳೆದದ್ದಾಯಿತು, ನಡವಳಿಕೆಯ ಮಾತೇನು? ಅಮೆರಿಕದ ನ್ಯೂಜೆರ್ಸಿಯ ವೈನ್‌ಲ್ಯಾಂಡಿನಲ್ಲಿ ಎಡ್ಗರ್ ಡಾಲ್ ರೂಪಿಸಿದ ಮಾಪನವನ್ನು ನಾಗಪುರದಲ್ಲಿ ಎ. ಜೆ. ಮೇಲಿನ್ ಭಾರತಕ್ಕೆ ಹೊಂದಿಸಿದರು. ಇಲ್ಲಿ ಪ್ರಶ್ನೆ ಕೇಳುವುದು ಹೆತ್ತವರನ್ನು. ಮಗು ತಾನೇ ಬಟ್ಟೆ ಹಾಕಿಕೊಳ್ಳುತ್ತದೆಯೆ? ಒಂಟಿಯಾಗಿ ಶಾಲೆಗೆ ಹೋಗುತ್ತದೆಯೆ? ಕೈಗೆ ಹಣ ಕೊಟ್ಟರೆ ಸಣ್ಣಪುಟ್ಟ ಸಾಮಾನು ತರುತ್ತದೆಯೆ? ಸರಳವಾದ, ಉಪಯುಕ್ತವಾದ ಪ್ರಶ್ನೆಗಳು. ಆದರೂ ಕರಾವಳಿಯಲ್ಲಿ ಇವು ಸ್ವಲ್ಪ ಜಾರುತ್ತವೆ. ಅಮ್ಮನ ಬುಟ್ಟಿಯ ಪಕ್ಕ ಕೂತು ಬಂಗಡೆಯ ಲೆಕ್ಕ ಕಲಿತ ಹುಡುಗಿ ಚಿಲ್ಲರೆಯ ವ್ಯವಹಾರದಲ್ಲಿ ವಯಸ್ಸಿಗಿಂತ ಬಹಳ ಮುಂದಿರಬಹುದು. ಅದೇ ಹುಡುಗಿಯನ್ನು ಹೆದ್ದಾರಿ 66 ದಾಟಬೇಕಲ್ಲ ಎಂಬ ಭಯಕ್ಕೆ ಮನೆಯವರು ಒಂಟಿಯಾಗಿ ಶಾಲೆಗೆ ಕಳಿಸದೆ ಇರಬಹುದು. ಮಾಪನ ಎರಡನ್ನೂ ಮಗುವಿನ ಲೆಕ್ಕಕ್ಕೇ ಬರೆದುಕೊಳ್ಳುತ್ತದೆ, ರಸ್ತೆಯ ಲೆಕ್ಕಕ್ಕೆ ಬರೆಯುವುದಿಲ್ಲ.

ಹೊರಗಿನ ಜಗತ್ತಿನಲ್ಲಿಯೂ ಅಳತೆಗೂ ಬದುಕಿಗೂ ನಡುವೆ ಇದೇ ಜಗ್ಗಾಟ ನಡೆದಿತ್ತು. 1932ರಲ್ಲಿ ಮಿಲ್ಡ್ರೆಡ್ ಪಾರ್ಟನ್ ಮಿನೆಸೋಟದ ಶಿಶುವಿಹಾರದಲ್ಲಿ ಮಕ್ಕಳ ಆಟವನ್ನು ನೋಡಿ ಆರು ಬಗೆಯಾಗಿ ವಿಂಗಡಿಸಿದರು. ಸುಮ್ಮನಿರುವುದು, ಒಂಟಿ ಆಟ, ದೂರದಿಂದ ನೋಡುವುದು, ಪಕ್ಕಪಕ್ಕದಲ್ಲಿ ಬೇರೆಬೇರೆಯಾಗಿ ಆಡುವುದು, ಬೆರೆತು ಆಡುವುದು, ಕೊನೆಗೆ ಕೂಡಿ ಒಂದು ಗುರಿಗಾಗಿ ಆಡುವುದು. ಈ ಏಣಿಯಲ್ಲಿ ನೋಡುತ್ತ ನಿಂತ ಮಗು ಕೆಳಗಿನ ಮೆಟ್ಟಿಲಲ್ಲಿದೆ. 1961ರಲ್ಲಿ ಆಲ್ಬರ್ಟ್ ಬಂಡೂರ ಸ್ಟ್ಯಾನ್‌ಫರ್ಡಿನಲ್ಲಿ ಗೊಂಬೆಯನ್ನು ಹೊಡೆಯುವ ದೊಡ್ಡವರನ್ನು ಮಕ್ಕಳಿಗೆ ತೋರಿಸಿದಾಗ, ನೋಡುವುದೇ ಕಲಿಯುವುದು ಎಂಬುದು ಪ್ರಯೋಗಶಾಲೆಯಲ್ಲಿ ಸಾಬೀತಾಯಿತು. ಬಾರ್ಬರಾ ರೋಗಾಫ್ ಮತ್ತು ಸಂಗಡಿಗರು 1993ರಲ್ಲಿ ಗ್ವಾಟೆಮಾಲ, ಅಮೆರಿಕ, ತುರ್ಕಿ ಮತ್ತು ಭಾರತದ ಬುಡಕಟ್ಟು ಹಳ್ಳಿ ಢೋಲ್-ಕಿ-ಪಟ್ಟಿಯ ಪುಟ್ಟ ಮಕ್ಕಳನ್ನು ಹೋಲಿಸಿ ಇನ್ನೂ ಮುಂದೆ ಹೋದರು. ದೊಡ್ಡವರ ಕೆಲಸದ ನಡುವೆಯೇ ಬೆಳೆಯುವ ಮಕ್ಕಳು ಪಾಠವಿಲ್ಲದೆ, ಗಮನವಿಟ್ಟು ನೋಡಿ, ನಡುವೆ ಕೈಹಾಕಿ ಕಲಿಯುತ್ತಾರೆ ಎಂದು ತೋರಿಸಿದರು. ಊರೆಲ್ಲ ಸೇರಿ ದಂಡೆಗೆ ರಂಪಣಿ ಬಲೆ ಎಳೆಯುವಾಗ ಮೊದಲು ನೋಡುತ್ತ ನಿಂತು ಆಮೇಲೆ ಹಗ್ಗಕ್ಕೆ ಕೈಯಿಟ್ಟ ಹುಡುಗರನ್ನು ಕಂಡವರಿಗೆ ಇದರಲ್ಲಿ ಹೊಸತೇನೂ ಇರಲಾರದು. ಶಾಸ್ತ್ರಕ್ಕೆ ಇದು ಹೊಳೆಯಲು ಮಾತ್ರ ಅರವತ್ತು ವರ್ಷ ಹಿಡಿಯಿತು.

ಬೀಟ್ರಿಸ್ ಮತ್ತು ಜಾನ್ ವೈಟಿಂಗರ ಆರು ಸಂಸ್ಕೃತಿಗಳ ಅಧ್ಯಯನದಲ್ಲಿ ಭಾರತದ ಪಾಲಿಗೆ ಬಂದದ್ದು ಉತ್ತರ ಪ್ರದೇಶದ ಖಲಾಪುರ. ಮಕ್ಕಳಿಗೆ ಮನೆಯಲ್ಲಿ ಯಾವ ಕೆಲಸ ವಹಿಸುತ್ತಾರೆ ಎಂಬುದು ಅವರ ಗುಣವನ್ನೇ ತಿದ್ದುತ್ತದೆ ಎಂಬುದು ಅದರ ದೊಡ್ಡ ಪಾಠಗಳಲ್ಲೊಂದು. ಕೀನ್ಯಾದ ಲುವೋ ಜನರಲ್ಲಿ ಕೂಸು ಆಡಿಸುವಂಥ ‘ಹೆಣ್ಣಿನ ಕೆಲಸ’ ಮಾಡಿದ ಗಂಡುಹುಡುಗರು ಜಗಳಗಂಟತನ ಕಡಿಮೆ ತೋರಿದರು ಎಂದು ಕ್ಯಾರಲ್ ಎಂಬರ್ 1973ರಲ್ಲಿ ಬರೆದರು. ಈ ಒಂದು ವಾಕ್ಯಕ್ಕಾಗಿಯೇ ಆ ಪ್ರಬಂಧವನ್ನು ನಮ್ಮ ಗಂಡುಮಕ್ಕಳ ತಾಯ್ತಂದೆಯರಿಗೆ ಓದಿ ಹೇಳಬೇಕು.

ಹರೆಯದ ಕತೆ ಬೇರೆ. ಸ್ಟ್ಯಾನ್ಲಿ ಹಾಲ್ 1904ರಲ್ಲಿ ಅದನ್ನು ಬಿರುಗಾಳಿಯ ಕಾಲವೆಂದರು. ಮಾರ್ಗರೆಟ್ ಮೀಡ್ 1928ರಲ್ಲಿ ಸಮೋವ ದ್ವೀಪದ ಹುಡುಗಿಯರನ್ನು ಮುಂದಿಟ್ಟು ಹಾಗೇನಿಲ್ಲ ಎಂದರು. ಬರೋಡದ ಟಿ. ಎಸ್. ಸರಸ್ವತಿ 1999ರಲ್ಲಿ ಎತ್ತಿದ ಪ್ರಶ್ನೆ ನಮಗೆ ಹೆಚ್ಚು ಹತ್ತಿರದ್ದು: ಭಾರತದಲ್ಲಿ ಹರೆಯವೆಂಬ ಪ್ರತ್ಯೇಕ ಕಾಲ ಎಲ್ಲರಿಗೂ ಸಿಗುತ್ತದೆಯೆ? ಬೇಗ ಮದುವೆಯಾಗುವ ಹುಡುಗಿಗೆ, ಹದಿನಾಲ್ಕಕ್ಕೇ ದುಡಿಯುವ ಹುಡುಗನಿಗೆ ಬಾಲ್ಯದ ಮರುದಿನವೇ ದೊಡ್ಡವರ ಬದುಕು. ಕಾಲೇಜಿಗೆ ಹೋಗುವ ಮಧ್ಯಮ ವರ್ಗಕ್ಕೆ ಮಾತ್ರ ನಡುವೆ ಬಿಡುವು.

ಕರ್ನಾಟಕದ ಕರಾವಳಿಯ ಮನಸ್ಸನ್ನು ಹೊಕ್ಕು ನೋಡಿದ ಹೆಸರಾಂತ ಸಂಶೋಧನೆ ಕಾರ್ಸ್ಟೈರ್ಸ್ ಮತ್ತು ಆರ್. ಎಲ್. ಕಪೂರ್ ಅವರದು. ಉಡುಪಿ ಬಳಿಯ ಕೋಟದಲ್ಲಿ ಬ್ರಾಹ್ಮಣ, ಬಂಟ, ಮೊಗೇರ ಸಮುದಾಯಗಳ ನಡುವೆ ನಡೆದ ಆ ಕೆಲಸ 1976ರಲ್ಲಿ ಪುಸ್ತಕವಾಯಿತು. ಅದು ಮುಖ್ಯವಾಗಿ ದೊಡ್ಡವರ ಒತ್ತಡ, ಕಾಯಿಲೆಗಳನ್ನು ಕುರಿತದ್ದು. ಮಕ್ಕಳ ಕಡೆ ತಿರುಗಿದವರು ಕಪೂರರ ಪತ್ನಿ, ನಿಮ್ಹಾನ್ಸ್‌ನ ಮಾಲವಿಕಾ ಕಪೂರ್. ಮಕ್ಕಳ ಮನಸ್ಸನ್ನು ಆಸ್ಪತ್ರೆಯ ಕೊಠಡಿಯಿಂದ ಶಾಲೆಗೆ, ಅದರಲ್ಲೂ ಹಳ್ಳಿಯ ಶಾಲೆಗೆ ಕೊಂಡೊಯ್ದದ್ದು ಅವರ ಹಿರಿಮೆ. ಏನು ಕಲಿಸಬೇಕೆಂಬುದನ್ನು ಮಕ್ಕಳಿಂದಲೇ ಕಲಿಯಬೇಕೆಂದು ಅವರು ವಾದಿಸಿದರು.

ನಿಮ್ಹಾನ್ಸ್‌ನ ಶೋಭಾ ಶ್ರೀನಾಥ್ ಮತ್ತು ತಂಡ ಬೆಂಗಳೂರಿನ ಮಧ್ಯಮ ವರ್ಗ, ಕೊಳೆಗೇರಿ ಹಾಗೂ ಸುತ್ತಲ ಹಳ್ಳಿಗಳ 2,064 ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ವರದಿಯಲ್ಲಿ, 16 ವರ್ಷದವರೆಗಿನವರಲ್ಲಿ ಶೇ. 12.5ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಕಂಡಿತು. ಕೊಳೆಗೇರಿಯೆಂದು ಹೆಚ್ಚಲ್ಲ, ಹಳ್ಳಿಯೆಂದು ಕಡಿಮೆಯಲ್ಲ. ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ ಜೀವನ ಕೌಶಲ ಶಿಕ್ಷಣವನ್ನು ತೂಗಿ ನೋಡಿ 2010ರಲ್ಲಿ ಬರೆದದ್ದು ಇನ್ನೂ ಪ್ರಾಮಾಣಿಕ. ತರಬೇತಿ ಪಡೆದ 605 ಹರೆಯದವರನ್ನು ಪಡೆಯದ 423 ಮಂದಿಯೊಂದಿಗೆ ಹೋಲಿಸಿದರೆ ಆತ್ಮಗೌರವ, ಶಿಕ್ಷಕರೊಂದಿಗಿನ ಹೊಂದಾಣಿಕೆ, ಪರರಿಗೆ ನೆರವಾಗುವ ಗುಣ ಇವೆಲ್ಲ ಮೇಲು. ಮನೆಯೊಳಗೆ, ಓರಗೆಯವರ ನಡುವೆ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಶಾಲೆಯಲ್ಲಿ ಕಲಿಸಿದ್ದು ಶಾಲೆಯಲ್ಲಿಯೇ ಉಳಿಯಿತು ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ವಿಜಯಪುರ, ಬಾಗಲಕೋಟೆಗಳಲ್ಲಿ ಹುಡುಗಿಯರನ್ನು ಶಾಲೆಯಲ್ಲಿ ಉಳಿಸಲು ನಡೆದ ‘ಸಮತಾ’ ಪ್ರಯೋಗವೂ, ಕೆಲಸ ನಡೆದ ಊರುಗಳಿಗೂ ನಡೆಯದ ಊರುಗಳಿಗೂ ಒಟ್ಟಾರೆ ದೊಡ್ಡ ಅಂತರ ಕಾಣಲಿಲ್ಲವೆಂದು ಮುಚ್ಚಿಡದೆ ಹೇಳಿತು. ಇಂಥ ಫಲಿತಾಂಶವನ್ನು ಪ್ರಕಟಿಸುವ ಧೈರ್ಯವೇ ಒಂದು ಕ್ಷೇತ್ರ ಬಲಿತದ್ದಕ್ಕೆ ಗುರುತು.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯದು ಇವೆಲ್ಲಕ್ಕಿಂತ ದೀರ್ಘವಾದ ಸಾಹಸ. ಊರಿನವರಿಗೆ ಅದು ಮಿಷನ್ ಆಸ್ಪತ್ರೆ. 1934ರಿಂದಲೇ ಹೆರಿಗೆಯ ದಾಖಲೆಗಳನ್ನು, ಕೂಸಿನ ತೂಕ ಉದ್ದಗಳ ಸಮೇತ, ಕೆಡದಂತೆ ಕಾಪಾಡಿದ್ದೇ ಅದರ ಬಂಡವಾಳ. ಅಲ್ಲಿ 1997-98ರಲ್ಲಿ ಬಸುರಿನಿಂದಲೇ ನೋಂದಾಯಿಸಿಕೊಂಡ ತಾಯಂದಿರ ಮಕ್ಕಳನ್ನು ಜಿ. ವಿ. ಕೃಷ್ಣವೇಣಿ, ಬ್ರಿಟನ್ನಿನ ಕ್ಯಾರಲೈನ್ ಫಾಲ್ ಮತ್ತಿತರರು ವರ್ಷಗಟ್ಟಲೆ ಹಿಂಬಾಲಿಸಿದರು. ಒಂಬತ್ತು ಹತ್ತರ ವಯಸ್ಸಿನಲ್ಲಿ ನೆನಪು, ಗಮನಗಳ ಪರೀಕ್ಷೆ. ಹದಿಮೂರರ ಹೊತ್ತಿಗೆ ಅಪರಿಚಿತರ ಮುಂದೆ ನಿಂತು ಕತೆ ಹೇಳುವುದು, ಬಾಯಿಲೆಕ್ಕ ಮಾಡುವುದು, ಆಗ ಎದೆಬಡಿತ ಹೇಗೆ ಏರುತ್ತದೆಂದು ನೋಡುವುದು. ತಾಯಿಗೆ ಬಸುರಿನಲ್ಲಿ ಸಕ್ಕರೆ ಕಾಯಿಲೆ ಬಂದಿದ್ದ ಮಕ್ಕಳಲ್ಲಿ ಹೃದಯ ಮತ್ತು ರಕ್ತದೊತ್ತಡದ ಪ್ರತಿಕ್ರಿಯೆ ಹೆಚ್ಚಿತ್ತು. ಆಮೇಲೆ ನಿಮ್ಹಾನ್ಸ್ ಮುಂದಾಳತ್ವದ ಸಿ-ವೇದ ಯೋಜನೆ 6ರಿಂದ 23 ವರ್ಷದವರನ್ನು ಏಳು ಕೇಂದ್ರಗಳಲ್ಲಿ ಸೇರಿಸಿಕೊಂಡಿತು. ಬೆಂಗಳೂರು, ಮೈಸೂರು, ರಿಷಿ ವ್ಯಾಲಿ, ಚಂಡೀಗಢ, ಕೋಲ್ಕತ್ತ, ಇಂಫಾಲ ಅದರಲ್ಲಿವೆ. ನಮ್ಮ ಕಡಲತೀರವಿಲ್ಲ.

ಕಡಲತೀರದಲ್ಲಿ ಕೇಳಬೇಕಾದ ಪ್ರಶ್ನೆಗಳಿಗೇನು ಕೊರತೆ? ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆಯ 13 ಹಳ್ಳಿಗಳು ತೆರವಾದವು. ಶಂಕುಸ್ಥಾಪನೆ 1986ರಲ್ಲಿ, ನೌಕಾನೆಲೆಯ ಕಾರ್ಯಾರಂಭ 2005ರಲ್ಲಿ. ನಡುವಣ ಅಷ್ಟೂ ವರ್ಷ ಮಕ್ಕಳು ‘ಏಳಬೇಕೋ ಉಳಿಯಬೇಕೋ’ ಎಂಬ ಮಾತು ಕೇಳುತ್ತ ಬೆಳೆದರು. ಆಮೇಲೆ ಪುನರ್ವಸತಿ ಕಾಲೊನಿಗಳಿಗೆ ಬಂದರು; ಚಿತ್ತಾಕುಲದಲ್ಲಿಯೂ ಅಂಥದೊಂದಿದೆ. ಗ್ಲೆನ್ ಎಲ್ಡರ್ ಅಮೆರಿಕದ ಆರ್ಥಿಕ ಮಹಾಕುಸಿತಕ್ಕೆ ಸಿಕ್ಕ ಓಕ್ಲೆಂಡಿನ 167 ಮಕ್ಕಳ ಬದುಕನ್ನು 1974ರ ಪುಸ್ತಕದಲ್ಲಿ ಬಿಡಿಸಿಟ್ಟರು. ಅದೇ ಕಷ್ಟ ಹತ್ತರ ವಯಸ್ಸಿನಲ್ಲಿ ಬಂದರೆ ಒಂದು ಬಗೆ, ಹಾಲುಹಲ್ಲಿನ ವಯಸ್ಸಿನಲ್ಲಿ ಬಂದರೆ ಇನ್ನೊಂದು ಬಗೆ ಎಂಬುದು ಅವರ ಹೋಲಿಕೆಗಳಿಂದ ತಿಳಿಯಿತು. ಸೀಬರ್ಡ್ ಹಳ್ಳಿಗಳ ಆ ಮಕ್ಕಳು ಈಗ ಮೂವತ್ತೈದು, ನಲವತ್ತರ ಆಸುಪಾಸಿನವರು, ಅವರಿಗೇ ಮಕ್ಕಳಾಗಿವೆ. ಅವರನ್ನು ಕೇಳಲು ಇನ್ನೂ ಹೊತ್ತು ಮೀರಿಲ್ಲ.

ಮಕ್ಕಳೇ ಸಂಶೋಧಕರಾಗಬಹುದು ಎಂಬುದಕ್ಕೂ ಉದಾಹರಣೆ ದೂರದಲ್ಲಿಲ್ಲ. ಕುಂದಾಪುರ ಕಡೆಯ ದುಡಿಯುವ ಮಕ್ಕಳ ಭೀಮ ಸಂಘ, 1995ರಲ್ಲಿ ಶುರುವಾದ ಮಕ್ಕಳ ಪಂಚಾಯತಿಗಳು ತಮ್ಮ ಊರಿನ ತೊಂದರೆಗಳ ಮಾಹಿತಿಯನ್ನು ತಾವೇ ಕಲೆಹಾಕಿ ಹಿರಿಯರ ಮುಂದಿಟ್ಟವು.

2013ರಿಂದ ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ‘ಕ್ರಿಮ್ಸ್’ ಇದೆ. ಮೈಸೂರಿನ ಮಿಷನ್ ಆಸ್ಪತ್ರೆ ಮಾಡಿದ್ದು ದುಬಾರಿ ಯಂತ್ರದ ಕೆಲಸವಲ್ಲ, ಹೆರಿಗೆಯ ಪುಸ್ತಕವನ್ನು ಸರಿಯಾಗಿ ಬರೆದು ಜೋಪಾನ ಮಾಡಿದ ಕೆಲಸ. ಕ್ರಿಮ್ಸ್ ಮತ್ತು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಕೂಡಿ, ಅಂಗನವಾಡಿ ಕಾರ್ಯಕರ್ತೆಯರನ್ನು ಜತೆಗಿಟ್ಟುಕೊಂಡು, ಈ ವರ್ಷ ಕಾರವಾರ, ಅಂಕೋಲೆಗಳಲ್ಲಿ ಹುಟ್ಟುವ ಮಕ್ಕಳಿಂದಲೇ ಅಂಥ ದಾಖಲೆ ತೆರೆಯಲಿ. ಪ್ರಶ್ನಾವಳಿಯನ್ನು ಈ ಸಲ ಮೊದಲು ಕೊಂಕಣಿಯಲ್ಲಿ ಬರೆಯಲಿ.