ಒಲವಿನ ಕಥೆಯನ್ನು ಹೇಳುವವರು ಯಾರು?

1947ರಲ್ಲಿ ಅಮೇರಿಕೆಯ ಜೋ ಸೈಮನ್, ಜಾಕ್ ಕರ್ಬಿ ಎಂಬಿಬ್ಬರು 'ಯಂಗ್ ರೊಮಾನ್ಸ್' ಎಂಬ ಚಿತ್ರಕಥೆಗಳ ಪತ್ರಿಕೆಯನ್ನು ಹೊರಡಿಸಿದರು. ವೀರರ ಸಾಹಸಗಳಿಗೂ ವಿನೋದಕ್ಕೂ ಮೀಸಲಾದಂತಿದ್ದ ಕಾಮಿಕ್ಸ್ ಪುಸ್ತಕಗಳಲ್ಲಿ ಒಲವು, ಅಗಲಿಕೆ, ಕಣ್ಣೀರುಗಳಿಗೆ ಸ್ವತಂತ್ರ ಸ್ಥಾನ ದೊರೆಯಿತು. ಎರಡು ಮೂರು ವರುಷಗಳಲ್ಲಿ ಇಂಥ ಪತ್ರಿಕೆಗಳ ಸುಗ್ಗಿಯೇ ಆಯಿತು. ಅವುಗಳಲ್ಲಿ ಸಾಮಾನ್ಯವಾಗಿ ನಾಯಿಕೆಯೇ 'ನಾನು' ಎಂದು ತನ್ನ ಕಥೆಯನ್ನು ಹೇಳಿಕೊಳ್ಳುವಳು. ಬರೆದವರೂ ಚಿತ್ರಿಸಿದವರೂ ಬಹುಮಟ್ಟಿಗೆ ಗಂಡಸರು. 1954ರಲ್ಲಿ ಪ್ರಕಾಶಕರು ತಮಗೆ ತಾವೇ ವಿಧಿಸಿಕೊಂಡ ನಿಯಮಾವಳಿಯು, ಪ್ರೇಮಕಥೆಗಳು ಮನೆಯ ಬೆಲೆಯನ್ನೂ ವಿವಾಹದ ಪಾವಿತ್ರ್ಯವನ್ನೂ ಎತ್ತಿ ಹಿಡಿಯಬೇಕೆಂದು ಕಟ್ಟಳೆ ಮಾಡಿತು. ಹೆಣ್ಣಿನ ಮಾತನ್ನು ಬರೆದುಕೊಟ್ಟದ್ದಲ್ಲದೆ ಅದು ಎಲ್ಲಿಗೆ ಮುಟ್ಟಬೇಕೆಂಬುದನ್ನೂ ಅನ್ಯರೇ ಗೊತ್ತುಮಾಡಿದಂತಾಯಿತು.

ಇದು ದೂರದೇಶದ ಸಂಗತಿಯೆಂದು ವಾಚಕರು ತಳ್ಳಿಹಾಕಲಾಗದು. ಸೊಲ್ಲಾಪುರ, ಅಕ್ಕಲಕೋಟೆಗಳ ನಮ್ಮ ಸೀಮೆಯಲ್ಲಿ ಒಲವಿನ ಕಥೆಗೆ ಚಿತ್ರಪುಸ್ತಕ ಬೇಕಾಗಿರಲಿಲ್ಲ. ಜಾತ್ರೆ, ಹಾಡುಗಳೇ ಸಾಕಾಗಿದ್ದವು. ಆದರೆ ಹೇಳುವವರು ಯಾರೆಂಬ ಪ್ರಶ್ನೆ ಇಲ್ಲಿಯೂ ಏಳುತ್ತದೆ.

ಸಂಕ್ರಮಣದ ಕಾಲಕ್ಕೆ ನೆರೆಯುವ ಸಿದ್ಧೇಶ್ವರ ಜಾತ್ರೆಯನ್ನೇ ನೋಡೋಣ. 12ನೆಯ ಶತಮಾನದ ಶಿವಯೋಗಿ, ವಚನಕಾರ ಸಿದ್ಧರಾಮನನ್ನು ಕುಂಬಾರರ ಕನ್ಯೆಯೊಬ್ಬಳು ವರಿಸಬಯಸಿದಳೆಂದೂ, ಸಂಸಾರವನ್ನೊಲ್ಲದ ಆತನು ತನ್ನ ಯೋಗದಂಡದೊಡನೆ ಅವಳ ಮದುವೆಗೆ ಒಪ್ಪಿದನೆಂದೂ, ಬಳಿಕ ಅವಳು ಅಗ್ನಿಯನ್ನು ಹೊಕ್ಕಳೆಂದೂ ಐತಿಹ್ಯ. ಮೊದಲ ದಿನ 68 ಲಿಂಗಗಳಿಗೆ ಎಣ್ಣೆಮಜ್ಜನ. ಮರಾಠಿ ಮಾತಾಡುವವರ ಬಾಯಲ್ಲಿಯೂ ಈ ವಿಧಿಗೆ ಕನ್ನಡದ ಹೆಸರೇ ಉಳಿದಿರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮರುದಿನ ಏಳು ನಂದಿಧ್ವಜಗಳು ಮೆರವಣಿಗೆಯಲ್ಲಿ ಬಂದು ಸೇರಲು, ಸಮ್ಮತಿ ಕಟ್ಟೆಯ ಬಳಿ ಅಕ್ಷತೆ ಬೀಳುತ್ತದೆ; ಮೂರನೆಯ ದಿನ ಹೋಮ. ಊರಿಗೆ ಊರೇ ಬೀಗರಾಗಿ ನೆರೆಯುವ ಮದುವೆಯಿದು. ಆದರೆ ಸಿದ್ಧರಾಮನ ವಚನಗಳನ್ನು ನಾವು ತರಗತಿಯಲ್ಲಿ ಓದುತ್ತೇವೆ. ಅವಳ ಮಾತೆಂದು ಐತಿಹ್ಯವು ಉಳಿಸಿಕೊಟ್ಟದ್ದು ಆ ಒಂದು ಬಯಕೆಯನ್ನು ಮಾತ್ರ. ಜಾತ್ರೆಯಲ್ಲಿ ಅವಳು ಬರಿಯ 'ಕುಂಬಾರ ಕನ್ಯೆ'.

ಮುಂದೆ 18ನೆಯ ಶತಮಾನದಲ್ಲಿ ಇದೇ ಊರಿನಲ್ಲಿ ಹುಟ್ಟಿದ ರಾಮ ಜೋಶಿಯು ವೈದಿಕ ಮನೆತನದವನಾಗಿಯೂ ತಮಾಷೆಯ ಮೇಳವನ್ನು ಸೇರಿ, ಪುರಾಣಿಕನಾದ ಅಣ್ಣನ ಕೋಪಕ್ಕೆ ಗುರಿಯಾದನು. ಮರಾಠಿಯಲ್ಲಿ ಕನ್ನಡ, ಸಂಸ್ಕೃತಗಳನ್ನು ಬೆರೆಸಿ ಲಾವಣಿ ಕಟ್ಟಿದವನೀತ. ಎರಡು ನುಡಿಗಳ ಈ ಊರಿಗೆ ತಕ್ಕ ಕವಿ. ಶೃಂಗಾರದ ಲಾವಣಿಯಲ್ಲಿ ಹಂಬಲಿಸುವವಳು ಹೆಣ್ಣು, ಕಟ್ಟುವವನು ಶಾಹೀರ, ಹಾಡಿ ಕುಣಿಯುವವಳು ಮತ್ತೆ ಹೆಣ್ಣು. ಅಮೇರಿಕೆಯ ಆ ಪತ್ರಿಕೆ ಹೊರಟ 1947ರಲ್ಲಿಯೇ ಇವನ ಬಾಳನ್ನು ಕುರಿತ 'ಲೋಕಶಾಹೀರ ರಾಮ ಜೋಶಿ' ಚಲಚ್ಚಿತ್ರ ತೆರೆಕಂಡಿತು. ಅದರಲ್ಲಿ ನರ್ತಕಿ ಬಯಾಳಾಗಿ ಅಭಿನಯಿಸಿದವರು ಹಂಸಾ ವಾಡಕರ್. ತಮ್ಮ ನೊಂದ ಬಾಳನ್ನು ಅವರು ಹೇಳಿಕೊಂಡ ಆತ್ಮಕಥೆ 1970ರಲ್ಲಿ ಗ್ರಂಥರೂಪವಾಗಿ ಬಂತು. 'ಸಾಂಗತ್ಯೇ ಐಕಾ' ಎಂಬ ಅದರ ಹೆಸರಿಗೆ 'ಹೇಳುತ್ತೇನೆ, ಕೇಳಿರಿ' ಎಂದರ್ಥ. ಹೇಳುವವಳು ಹೆಣ್ಣೆಂಬುದು ಮರಾಠಿಯ ಕ್ರಿಯಾಪದದಲ್ಲಿಯೇ ಇದೆ. ಸಾವಿರ ಲಾವಣಿಗಳಲ್ಲಿ ಪರರು ಆಡಿಸಿದ ಮಾತಿಗಿಂತ ಈ ಎರಡು ಪದಗಳು ನಮ್ಮನ್ನು ಹೆಚ್ಚಾಗಿ ತಟ್ಟುತ್ತವೆ.

ಹೆಣ್ಣೇ ಕಟ್ಟಿ ಹೆಣ್ಣೇ ಹಾಡಿದ ಒಲವು ನಮ್ಮಲ್ಲಿ ಇರಲಿಲ್ಲವೆ? ಇತ್ತು, ಬೀಸುವ ಕಲ್ಲಿನ ಮುಂದೆ ಇತ್ತು. ಸೊಲ್ಲಾಪುರಕ್ಕೆ ದಕ್ಷಿಣದಲ್ಲಿ, ಭೀಮೆಯಾಚೆಯ ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಇಂಥ ತ್ರಿಪದಿಗಳನ್ನು ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿದರು. ತವರಿನ ಹಂಬಲ, ಗಂಡನ ಮುನಿಸು, ಕೂಸಿನ ಮೇಲಣ ಮಮತೆ, ಎಲ್ಲವೂ ಮೂರು ಸಾಲುಗಳಲ್ಲಿ. ಕಟ್ಟಿದವರ ಹೆಸರುಗಳು ಮಾತ್ರ ಹಾಡಿನೊಡನೆ ಬರಲಿಲ್ಲ. ಅಕ್ಕಲಕೋಟೆಯ ಕನ್ನಡ ಹಳ್ಳಿಗಳಲ್ಲಿ ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆಗೆ ಸೇರಿದೆ. ಅಜ್ಜಿಯ ಬಾಯಿಂದ ಹಾಡು ಬರೆದುಕೊಳ್ಳುವ ವಿದ್ಯಾರ್ಥಿಗಳಿಗೆ ಹಾಡಿನ ಕೆಳಗೆ ಹಾಡಿದವಳ ಹೆಸರನ್ನೂ ಊರನ್ನೂ ಬರೆಯಿರೆಂದು ಉಪಾಧ್ಯಾಯರು ತಿಳಿಸಬೇಕಾಗಿ ಕೋರುತ್ತೇವೆ.