ನೀಲಗಿರಿಯ ಹುಲ್ಲುನೆಲ

ನೀಲಗಿರಿಯ ನೆತ್ತಿಯಲ್ಲಿ ಹುಲ್ಲಿನ ಬೋರೆಗಳೂ ಅವುಗಳ ಕಣಿವೆಗಳಲ್ಲಿ ಶೋಲೆಯೆಂಬ ಗಿಡ್ಡ ಮರಗಳ ಕಾಡುಗಳೂ ನೆರೆಹೊರೆಯಾಗಿವೆ. ಆಂಗ್ಲ ಸರಕಾರವು ಹುಲ್ಲುನೆಲವನ್ನು ಬಂಜರೆಂದೆಣಿಸಿತು. ಆಸ್ಟ್ರೇಲಿಯದ ವಾಟಲ್, ನೀಲಗಿರಿ ಮರಗಳು ಅಲ್ಲಿ ಬೇರೂರಿದವು. ಚಾಂಪಿಯನ್ 1936ರಲ್ಲಿ ಭಾರತದ ಕಾಡುಗಳನ್ನು ವರ್ಗೀಕರಿಸಿದನು. 1968ರ ಪರಿಷ್ಕೃತ ಪಟ್ಟಿಯಲ್ಲಿ ಈ ಹುಲ್ಲಿಗೆ ದೊರೆತುದು ಕೆಟ್ಟುಹೋದ ಕಾಡೆಂಬ ಸ್ಥಾನ. 1986ರಲ್ಲಿ ಈ ಸೀಮೆ ದೇಶದ ಮೊದಲನೆಯ ಜೀವಗೋಲ ರಕ್ಷಿತ ಪ್ರದೇಶವಾಯಿತು. 1990ರಲ್ಲಿ, ವರೆಯಾಡೆಂಬ ಕಾಡುಮೇಕೆಯ ನೆಲೆಯಾದ ಮುಕುರ್ತಿ ರಾಷ್ಟ್ರೀಯ ಉದ್ಯಾನವಾಯಿತು. ರಾಮನ್ ಸುಕುಮಾರರೂ ಸಂಗಡಿಗರೂ ಜೌಗುಮಣ್ಣನ್ನು ಪರೀಕ್ಷಿಸಿ, ಸುಮಾರು 20,000 ವರ್ಷಗಳ ಹಿಂದೆಯೇ ಇಲ್ಲಿ ಹುಲ್ಲಿತ್ತೆಂದು 1993ರಲ್ಲಿ ತಿಳಿಸಿದರು. ಎಲ್ಲೆ ಗುರುತಿಸಿದ ಮಾತ್ರಕ್ಕೆ ರಕ್ಷಣೆ ಮುಗಿಯದು. ವಾಟಲ್ ಆ ಎಲ್ಲೆಯೊಳಗೂ ಹಬ್ಬಿದೆ. ನೆಲಕ್ಕೆ ತಪ್ಪು ಹೆಸರಿಟ್ಟರೆ ತಪ್ಪು ಮರ ಬೆಳೆಯುತ್ತದೆ. ‘ಬಂಜರು’ ಎಂಬ ಪದಕ್ಕೆ ಅರ್ಥ ಹೇಳುವಾಗ ಉಪಾಧ್ಯಾಯರಾದ ನಾವು ಈ ಚರಿತ್ರೆಯನ್ನೂ ಹೇಳಬೇಕು.